ಟಿಪ್ ಹಾಕುವ ಆಂಜಿನಯ್ಯ

ಆಂಜಿನಯ್ಯನವರು ನಮ್ಮ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಕೇಳಲು ಬಂದಾಗ ‘ಕೋಲು ರಿಪೇರಿ ಮಾಡ್ತೀನಿ ಟೀಚರಮ್ಮ’ ಎಂದಷ್ಟೇ ಹೇಳಿದ್ದರು. ನಾನು ಹೆಚ್ಚು ಕೇಳದೆ ಬೀಗದ ಕೈ ಕೊಟ್ಟುಬಿಟ್ಟೆ. ಮೂರನೇ ದಿನ, ಕಿವಿಗೆ ರಿಂಗು ಹಾಕಿಕೊಂಡ ಮೂವರು ಹುಡುಗರು ಉದ್ದುದ್ದ ಚೀಲ ಹೊತ್ತುಕೊಂಡು ನಮ್ಮ ಜಗಲಿ ಹತ್ತಿದರು. ಚೀಲದಿಂದ ಹೊರಬಂದದ್ದು ಪೂಲ್ ಆಡುವ ಕ್ಯೂಗಳು, ಮೇಜಿನ ಮೇಲೆ ಚೆಂಡು ಹೊಡೆಯುವ ಕೋಲುಗಳು. ನಾನು ಚೂಡಾಮಣಿ, ಚಾಮರಾಜಪೇಟೆಯಲ್ಲಿ ಮೂವತ್ತೊಂದು ವರ್ಷ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಟ್ಟವಳು. ಪೂಲ್ ಎಂದರೆ ಹೊಗೆ, ಬೆಟ್ಟಿಂಗು, ಪರೀಕ್ಷೆಗೆ ಚಕ್ಕರ್ ಎಂದೇ ತಿಳಿದಿದ್ದವಳು. ಆವತ್ತೇ ಕೋಣೆ ಖಾಲಿ ಮಾಡಿ ಎಂದು ಹೇಳಲು ಎದ್ದೆ. ಆದರೆ ಬಾಗಿಲವರೆಗೆ ಹೋದವಳು ಅವರು ಕೆಲಸ ಮಾಡುವುದನ್ನು ನೋಡುತ್ತ ಅಲ್ಲೇ ನಿಂತೆ. ಅದಾಗಿ ಹನ್ನೊಂದು ವರ್ಷ.

ಅವರು ಮಾಗಡಿ ಕಡೆಯವರು. ಇಪ್ಪತ್ತನೇ ವಯಸ್ಸಿಗೆ ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದು, ಊರಿನವರೊಬ್ಬರ ಶಿಫಾರಸಿನಿಂದ ಒಂದು ದೊಡ್ಡ ಕ್ಲಬ್ಬಿನಲ್ಲಿ ಮಾರ್ಕರ್ ಆದರು. ಆಡುವವರ ಪಕ್ಕ ನಿಂತು ಅಂಕ ಕೂಗುವುದು, ಚೆಂಡು ಜೋಡಿಸುವುದು, ಮೇಜಿನ ಹಸಿರು ಬಟ್ಟೆಗೆ ಬ್ರಷ್ ಹೊಡೆಯುವುದು ಮಾರ್ಕರ್ ಕೆಲಸ. ಅಲ್ಲಿದ್ದ ಹಿರಿಯ ಮಾರ್ಕರ್ ಒಬ್ಬರು ಇವರ ಕೈ ನೋಡಿ ಕ್ಯೂ ರಿಪೇರಿ ಕಲಿಸಿದರು. ಇಪ್ಪತ್ತೊಂಬತ್ತು ವರ್ಷ ಕಳೆದ ಮೇಲೆ ಕ್ಲಬ್ಬಿನವರು ಆ ಕೆಲಸಕ್ಕೆ ಒಂದು ಮಿಷನ್ ತರಿಸಿದರು. ಅದು ಬಂದ ದಿನವೇ ಆಂಜಿನಯ್ಯನವರು ‘ಹಂಗಾದ್ರೆ ನಾನಿನ್ನು ಬತ್ತೀನಿ’ ಎಂದು ಎಲ್ಲರಿಗೂ ಕೈಮುಗಿದು ಹೊರಗೆ ಬಂದುಬಿಟ್ಟರಂತೆ. ಹೋಗು ಎಂದು ಯಾರೂ ಹೇಳಿರಲಿಲ್ಲ.

ಕ್ಯೂವಿನ ಸಣ್ಣ ತುದಿಯಲ್ಲಿ ಅಂಗಿಯ ಗುಂಡಿಯಷ್ಟು ಒಂದು ಚರ್ಮದ ಬಿಲ್ಲೆ ಇರುತ್ತದೆ. ಅದೇ ಟಿಪ್. ಇಷ್ಟುದ್ದದ ಕೋಲಿನಲ್ಲಿ ಚೆಂಡನ್ನು ಮುಟ್ಟುವುದು ಅದೊಂದೇ. ಅದು ಗಟ್ಟಿಯಾದರೆ ಚೆಂಡು ಜಾರುತ್ತದೆ, ಮೆತ್ತಗಾದರೆ ಏಟಿನ ಜೋರೆಲ್ಲ ಅಲ್ಲೇ ಸತ್ತುಹೋಗುತ್ತದೆ. ಆಂಜಿನಯ್ಯನವರ ಅರ್ಧ ಆಯಸ್ಸು ಆ ಬಿಲ್ಲೆಯ ಮೇಲೇ ಕಳೆದಿದೆ.

ಅವರ ಹತಾರಗಳನ್ನು ನೋಡಬೇಕು. ಬೆರಳಗಲದ ಒಂದು ಅರ, ಅದರ ಹಿಡಿ ಸವೆದು ಅವರ ಹೆಬ್ಬೆರಳಿನ ಅಚ್ಚು ಬಿದ್ದಿದೆ. ಮೂರು ನಮೂನೆಯ ಉಪ್ಪುಕಾಗದ. ಬಿಲ್ಲೆಯ ಅಂಚು ಉಜ್ಜಿ ಹೊಳಪು ಕೊಡಲು ಹಳೇ ಬೆಲ್ಟಿನ ತುಂಡು. ಆಡುವವರು ಟಿಪ್ಪಿಗೆ ಹಚ್ಚುವ ಸೀಮೆಸುಣ್ಣ ನಿಲ್ಲುವಂತೆ ಚರ್ಮವನ್ನು ಸಣ್ಣಗೆ ಚುಚ್ಚಲು, ದರ್ಜಿಯ ಸೂಜಿಗಳನ್ನು ಬಿರಡೆಗೆ ನೆಟ್ಟು ಮಾಡಿಕೊಂಡ ಒಂದು ಮುಳ್ಳುಗುಂಡು. ಟಿಪ್ಪಿನ ತಲೆ ಸರಿಯಾಗಿ ಗುಂಡಗಿದೆಯೇ ಎಂದು ಅಳೆಯಲು ಒಂದು ನಾಲ್ಕಾಣೆ. ಅಂಗಡಿಯಲ್ಲಿ ಯಾರೂ ತೆಗೆದುಕೊಳ್ಳದ ಆ ನಾಣ್ಯದ ಅಂಚಿಗೂ ಟಿಪ್ಪಿನ ತಲೆಗೂ ಕೂಡಿಬಂದರೆ ಸರಿ, ಇಲ್ಲವಾದರೆ ಮತ್ತೆ ಅರ. ಆ ಸಾಮಾನನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಒಮ್ಮೆ ನಾನು ಜಾಗ ಗುಡಿಸುತ್ತ ಅರವನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿದ್ದಕ್ಕೆ ಇಡೀ ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದರು.

ಅದಕ್ಕಿಂತ ದೊಡ್ಡ ಜಗಳ ಚಕ್ಕುಲಿ ಒರಳಿನದು. ಅಟ್ಟದ ಮೇಲೆ ನಮ್ಮ ಅತ್ತೆಯವರ ಹಿತ್ತಾಳೆ ಒರಳಿತ್ತು, ತಿರುಪಿನ ಹಿಡಿಯದು. ‘ಬೇಡದಿದ್ರೆ ಕೊಡ್ತೀರಾ?’ ಎಂದರು, ಕೊಟ್ಟೆ. ಒಂದು ತಿಂಗಳ ಮೇಲೆ ನೋಡಿದರೆ ಅದರೊಳಗೆ ಚರ್ಮದ ಬಿಲ್ಲೆಗಳನ್ನು ಹಾಕಿ, ತಿರುಪು ಬಿಗಿದು, ಹದಿನೈದು ದಿನದಿಂದ ಒತ್ತಲು ಇಟ್ಟಿದ್ದಾರೆ! ಅತ್ತೆಯವರು ಮಡಿಯುಟ್ಟು ಗೋಕುಲಾಷ್ಟಮಿಗೆ ಚಕ್ಕುಲಿ ಒತ್ತುತ್ತಿದ್ದ ಒರಳು. ನಾನು ಬೀದಿಗೆ ಕೇಳುವಂತೆ ಕೂಗಾಡಿದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡು, ಕೊನೆಗೆ ‘ಇದರಷ್ಟು ಸಮವಾಗಿ ಒತ್ತೋ ಮಿಷನ್ ಎಲ್ಲೂ ಇಲ್ಲ, ನಿಮ್ಮತ್ತೆಯವರು ಪುಣ್ಯಾತ್ಮರು’ ಎಂದರು. ನನಗೆ ನಗು ತಡೆಯಲಾಗಲಿಲ್ಲ.

ಕ್ಯೂ ತಂದವರು ಅದನ್ನು ಸುಮ್ಮನೆ ಕೊಟ್ಟು ಹೋಗುವಂತಿಲ್ಲ. ನಮ್ಮ ಜಗಲಿಯ ಉದ್ದದ ಕಲ್ಲುಚಪ್ಪಡಿಯ ಮೇಲೆ ಒಂದು ಚೆಂಡಿಟ್ಟು, ‘ಎಲ್ಲಿ, ಒಂದೇಟು ಹೊಡೀರಿ’ ಎನ್ನುತ್ತಾರೆ. ಮೊಣಕೈ ಎತ್ತ ಹೋಗುತ್ತದೆ, ಚೆಂಡಿನ ತಲೆಗೆ ಹೊಡೆಯುತ್ತಾರೋ ಬುಡಕ್ಕೋ ಎಂದು ನೋಡಿಯೇ ಬಿಲ್ಲೆ ಆರಿಸುವುದು. ಒಮ್ಮೆ ದೊಡ್ಡ ಕಾರಿನಿಂದ ಇಳಿದ ಡ್ರೈವರೊಬ್ಬ, ಸಾಹೇಬರು ಮನೆಗೇ ಬರಬೇಕು ಅಂದಿದ್ದಾರೆ ಎಂದ. ಆಂಜಿನಯ್ಯನವರು ಕನ್ನಡಕದ ಮೇಲಿನಿಂದ ನೋಡಿ, ‘ಕಾಯಿಲೆ ಬಂದಿರೋದು ಕ್ಯೂಗೆ ಕಣಪ್ಪ, ನನಗಲ್ಲ. ಅದನ್ನೇ ಕರ್ಕೊಂಡು ಬಾ. ಜತೆಗೆ ಸಾಹೇಬ್ರನ್ನೂ’ ಎಂದರು. ಸಾಹೇಬರು ಬಂದರು. ಜಗಲಿಯ ಮೇಲೆ ಬೂಟು ಬಿಚ್ಚಿ ಬಗ್ಗಿ ಹೊಡೆದೂ ತೋರಿಸಿದರು. ಆವತ್ತು ನನಗೆ ಎಷ್ಟು ಜಂಬವಾಯಿತೆಂದರೆ, ಕರೆಯದಿದ್ದರೂ ಎಲ್ಲರಿಗೂ ಕಾಫಿ ತಂದುಕೊಟ್ಟೆ.

ಇನ್ನು ತನುಶ್ರೀಯ ವಿಷಯ. ಅವಳ ತಾಯಿ ಕೃಷ್ಣರಾಜ ಮಾರುಕಟ್ಟೆಯಲ್ಲಿ ಹೂವಿನ ವ್ಯಾಪಾರ ಮಾಡುತ್ತಾರೆ. ಹುಡುಗಿಗೆ ಹತ್ತೊಂಬತ್ತು. ಗುರು ಇಲ್ಲ, ತರಬೇತಿ ಇಲ್ಲ. ಫೋನಿನಲ್ಲಿ ನೋಡಿಕೊಂಡು, ನೆಲಮಾಳಿಗೆಯ ಒಂದು ಪೂಲ್ ಪಾರ್ಲರಿನಲ್ಲಿ ಆಡಿ ಕಲಿತವಳು. ಕಳೆದ ದಸರೆಯಲ್ಲಿ ಅವಳಿಗೆ ರಾಜ್ಯ ತಂಡದ ಆಯ್ಕೆಯ ಕೊನೆಯ ಪಂದ್ಯವಿತ್ತು, ವಿಜಯದಶಮಿಯ ಬೆಳಿಗ್ಗೆ ಹತ್ತಕ್ಕೆ, ಮಲ್ಲೇಶ್ವರದಲ್ಲಿ. ಗೆದ್ದರೆ ತಂಡಕ್ಕೆ, ಸೋತರೆ ಮನೆಗೆ. ಆಂಜಿನಯ್ಯನವರು ಒಂದು ವಾರ ಮೊದಲೇ ಅವಳ ಕ್ಯೂಗೆ ಟಿಪ್ ಹಾಕಿ ಹದ ಮಾಡಿಕೊಟ್ಟಿದ್ದರು. ಆಯುಧಪೂಜೆಯ ಬೆಳಿಗ್ಗೆ ಅವಳು ಅದನ್ನು ಮತ್ತೆ ತಂದು, ‘ಅಂಕಲ್, ನಿಮ್ಮ ಟೂಲ್ಸ್ ಜೊತೆ ಇದಕ್ಕೂ ಪೂಜೆ ಆಗ್ಲಿ, ನಾಳೆ ಬೆಳಿಗ್ಗೆ ತಗೊಂಡು ಹೋಗ್ತೀನಿ’ ಎಂದು ಇಟ್ಟು ಹೋದಳು.

ಆಂಜಿನಯ್ಯನವರು ಮಣೆಯ ಮೇಲೆ ಹತಾರ ಜೋಡಿಸಿ, ಚೆಂಡುಹೂ ಹಾಕಿ, ಪೂಜೆ ಮಾಡಿ, ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆದು ಊಟಕ್ಕೆ ತಮ್ಮ ಮನೆಗೆ ಹೋದರು. ಮಂಗಳಾರತಿ ಆಯಿತೆಂದರೆ ಮಾರನೆಯ ಬೆಳಿಗ್ಗೆಯವರೆಗೆ ಆ ಹತಾರ ಎತ್ತುವಂತಿಲ್ಲ. ಕೆಲಸ ಕಲಿಸಿದ ಗುರುಗಳ ಕಾಲದಿಂದ ಬಂದ ಕಟ್ಟುನಿಟ್ಟು. ಅವರು ಹೋದ ಮೇಲೆ ನಾನು ದೀಪಕ್ಕೆ ಎಣ್ಣೆ ಹಾಕಲು ಒಳಗೆ ಹೋದೆ. ಹತಾರಗಳಿಗೆಲ್ಲ ಕುಂಕುಮವಿದೆ, ಗೋಡೆಗೆ ನಿಲ್ಲಿಸಿದ ಐದು ಕ್ಯೂಗಳು ಮಾತ್ರ ಬರೀ ಹಣೆಯಲ್ಲಿ ನಿಂತಿವೆ! ಅವರು ಕುಂಕುಮವನ್ನು ಕೆಳಗಿನ ದಪ್ಪ ತುದಿಗೆ ಇಟ್ಟಿದ್ದರಂತೆ. ಹೂವಿನ ರಾಶಿಯಲ್ಲಿ ಅದು ನನಗೆ ಕಾಣಲಿಲ್ಲ. ಮರೆತಿದ್ದಾರೆ ಪಾಪ ಎಂದುಕೊಂಡು, ಒಳಗಿನಿಂದ ಬೆಳ್ಳಿಬಟ್ಟಲು ತಂದು, ಆಗತಾನೇ ತೇದ ನೀರುಗಂಧವನ್ನು ಐದೂ ಟಿಪ್ಪಿಗೆ ಧಾರಾಳವಾಗಿ ಹಚ್ಚಿ, ಮೇಲೆ ಕುಂಕುಮವಿಟ್ಟು, ಅಕ್ಷತೆ ನಿಲ್ಲಲೆಂದು ಚೆನ್ನಾಗಿ ಒತ್ತಿದೆ. ಮನಸ್ಸಿಗೆ ತೃಪ್ತಿಯೂ ಆಯಿತು.

ಸಂಜೆ ಐದಕ್ಕೆ ಅವರು ಬಂದು ದೀಪ ನೋಡಲು ಒಳಗೆ ಹೋದವರು ತುಂಬ ಹೊತ್ತಾದರೂ ಹೊರಗೆ ಬರಲಿಲ್ಲ. ನಾನು ಇಣುಕಿದೆ. ತನುಶ್ರೀಯ ಕ್ಯೂ ಅವರ ಕೈಯಲ್ಲಿತ್ತು. ಉಳಿದ ನಾಲ್ಕು ಹೇಗೂ ಟಿಪ್ ಬದಲಾಯಿಸಲು ಬಂದವು. ಇದೊಂದೇ ತಯಾರಾಗಿದ್ದದ್ದು. ಚರ್ಮ ನೀರು ಕುಡಿದು ಉಬ್ಬಿ, ಅಂಚು ಬಿಟ್ಟುಕೊಂಡಿತ್ತು.

‘ಇದಕ್ಕೆ ಗಂಧ ಹಚ್ಚಿದ್ಯಾರು?’

‘ನಾನೇ. ಯಾಕೆ, ಏನಾಯ್ತು?’

ಅವರು ಏನಾಯಿತೆಂದು ಹೇಳಿದರು, ಒಂದು ಗಟ್ಟಿ ಮಾತೂ ಇಲ್ಲದೆ. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ‘ನಾಳೆ ಬೆಳಿಗ್ಗೆ ಬೇಗ ಎದ್ದು ಹಾಕಿದ್ರೆ?’ ಎಂದೆ.

‘ಅಂಟು ರಾತ್ರಿಯೆಲ್ಲ ಆರಬೇಕು ಟೀಚರಮ್ಮ. ಬೆಳಿಗ್ಗೆ ಹಾಕಿದ್ರೆ ಮೂರನೇ ಏಟಿಗೆ ಹಾರಿಹೋಯ್ತದೆ. ಹಾಕಿದ್ರೆ ಈಗ್ಲೇ ಹಾಕ್ಬೇಕು.’ ಹಾಗೆಂದು ಮಣೆಯ ಮೇಲಿನ ಹತಾರಗಳ ಕಡೆ ನೋಡಿದರು. ಕೈ ಚಾಚಲಿಲ್ಲ. ಫೋನ್ ತೆಗೆದು ತನುಶ್ರೀಯನ್ನು ಕರೆದರು.

ಹುಡುಗಿ ಹಬ್ಬದ ವ್ಯಾಪಾರದ ಮಧ್ಯದಿಂದ ಓಡಿಬಂದಳು, ಬೆರಳೆಲ್ಲ ಹೂವಿನ ಹಸಿರು. ಆಂಜಿನಯ್ಯನವರು ಎದ್ದುನಿಂತು ಹೇಳಿದರು: ‘ನಿನ್ನ ಕ್ಯೂ ನನ್ನ ಅಂಗಡೀಲಿ ಕೆಟ್ಟೋಗಿದೆ ಕಣಮ್ಮ. ನನ್ನದೇ ತಪ್ಪು.’

ಅಷ್ಟೇ. ನನ್ನ ಹೆಸರು ಎತ್ತಲಿಲ್ಲ. ನಲವತ್ತು ವರ್ಷದಲ್ಲಿ ನನ್ನ ಕೈಯಿಂದ ಒಂದು ಕೋಲೂ ಕೆಟ್ಟಿಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದ ಮನುಷ್ಯ, ಆ ಹೆಮ್ಮೆಯನ್ನು ನನಗಾಗಿ ಬಿಟ್ಟುಕೊಟ್ಟು ಒಬ್ಬ ಹುಡುಗಿಯ ಮುಂದೆ ಕೈಕಟ್ಟಿ ನಿಂತಿದ್ದರು. ಸುಮ್ಮನಿದ್ದರೆ ಮುಗಿದುಹೋಗುತ್ತದಲ್ಲ ಎಂದು ನನಗೆ ಅನಿಸಿದ್ದೂ ನಿಜ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

‘ಸುಳ್ಳು’ ಎಂದೆ. ‘ಹಾಳು ಮಾಡಿದ್ದು ನಾನು. ಗಂಧ ಹಚ್ಚಿದ್ದು ನಾನು.’

ತನುಶ್ರೀ ನನ್ನನ್ನು ನೋಡಿದಳು, ಅವರನ್ನು ನೋಡಿದಳು. ಕಣ್ಣಲ್ಲಿ ನೀರು ಬಂತು. ‘ಈಗೇನ್ ಮಾಡೋದು ಅಂಕಲ್?’

ಆಂಜಿನಯ್ಯನವರು ಮಣೆಯ ಕಡೆ ತಿರುಗಿದರು. ಹತಾರಕ್ಕೆ ಕೈಮುಗಿದು ನಿಂತೇ ಇದ್ದರು. ಅವರಿಂದ ಆಗದು ಎಂದು ನನಗೆ ಅರ್ಥವಾಯಿತು. ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ, ಮಣೆಯ ಮುಂದೆ ಕೂತು, ಅರದ ಮೇಲಿನ ಹೂ ತೆಗೆದು ಪಕ್ಕಕ್ಕಿಟ್ಟು, ಅರವನ್ನು ಎರಡೂ ಕೈಯಲ್ಲಿ ಎತ್ತಿ ಅವರ ಮುಂದೆ ಹಿಡಿದೆ.

‘ತಗೊಳ್ಳಿ’ ಎಂದೆ. ‘ಕೆಲಸಕ್ಕೆ ಬರ್ಲಿ ಅಂತಾನೇ ತಾನೇ ಪೂಜೆ ಮಾಡಿದ್ದು? ಈಗ ಕೆಲಸ ಬಂದಿದೆ. ಎತ್ತಿದ್ದು ನಾನು. ಪಾಪ ಬಂದ್ರೆ ನನ್ನ ತಲೆಗೆ ಬರ್ಲಿ.’

ಬೇರೆಯವರು ಮುಟ್ಟಿದ ಅರ ಅದು. ಅವರು ಅದನ್ನೂ ನನ್ನ ಮುಖವನ್ನೂ ನೋಡಿದರು. ಆಮೇಲೆ ಅರವನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡರು. ‘ಹೊಡಿಯಮ್ಮ ಒಂದೇಟು’ ಎಂದು ತನುಶ್ರೀಗೆ ಹೇಳಿ, ಹತ್ತು ಸಲ ನೋಡಿದ್ದ ಅವಳ ಏಟನ್ನು ಹೊಸದಾಗಿ ನೋಡಿದರು.

ಹಳೇ ಬಿಲ್ಲೆಯನ್ನು ಬ್ಲೇಡಿನಿಂದ ಎಬ್ಬಿಸಿದರು. ತುದಿಯನ್ನು ಉಜ್ಜಿ ಮಟ್ಟ ಮಾಡಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಉಜ್ಜಿದರು. ಡಬ್ಬಿಯಲ್ಲಿದ್ದ ಬಿಲ್ಲೆಗಳನ್ನು ಒಂದೊಂದಾಗಿ ಚಪ್ಪಡಿಯ ಮೇಲೆ ಬೀಳಿಸಿ ಸದ್ದು ಕೇಳಿದರು. ಎಂಟನೆಯದು ಒಪ್ಪಿಗೆಯಾಯಿತು. ಅಂಟು ಹಚ್ಚುವಾಗ ನನ್ನ ಕಡೆ ತಿರುಗಿ, ‘ಹಿಡ್ಕೊಳ್ಳಿ ಟೀಚರಮ್ಮ. ಅಲ್ಲಾಡ್ಬೇಡಿ’ ಎಂದರು. ಮಕ್ಕಳಿಗೆ ಅಲ್ಲಾಡಬೇಡಿ ಎಂದು ಹೇಳಿಯೇ ಅಭ್ಯಾಸವಾದ ನಾನು ಕ್ಯೂ ಹಿಡಿದು ಉಸಿರು ಬಿಗಿಹಿಡಿದು ನಿಂತೆ. ಬಿಲ್ಲೆ ಕೂತ ಮೇಲೆ ತುದಿಗೆ ದಾರ ಸುತ್ತಿ ಬಿಗಿದು, ‘ಬೆಳಿಗ್ಗೆ ಆರಕ್ಕೆ ಅಂಚು ತೆಗೀತೀನಿ’ ಎಂದರು. ಐದೂವರೆಗೇ ಬಂದಿದ್ದರು.

ಆಂಜಿನಯ್ಯನವರು ಪಂದ್ಯ ನೋಡಲು ಯಾವತ್ತೂ ಹೋದವರಲ್ಲ. ಆವತ್ತು ಒಗೆದ ಪಂಚೆಯುಟ್ಟು ನನ್ನ ಜತೆ ಮಲ್ಲೇಶ್ವರಕ್ಕೆ ಬಂದರು. ಐದು ಆಟ ಮೊದಲು ಗೆದ್ದವರು ತಂಡಕ್ಕೆ. ತನುಶ್ರೀ ಮೊದಲ ಎರಡನ್ನೂ ಸೋತಳು. ಹೊಸ ಚರ್ಮ, ಕೈಗೆ ಇನ್ನೂ ಹೊಂದಿರಲಿಲ್ಲ. ಆಯೋಜಕರಲ್ಲೊಬ್ಬರು ಅವಳ ಹತ್ತಿರ ಹೋಗಿ, ಬೇಕಾದರೆ ಬೇರೆ ಕ್ಯೂ ಕೊಡುತ್ತೇವೆ ಎಂದರು. ಆಂಜಿನಯ್ಯನವರು ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು. ತನುಶ್ರೀ, ‘ಬೇಡ ಸರ್, ಇದ್ರಲ್ಲೇ ಆಡ್ತೀನಿ’ ಎಂದಳು.

ಮೂರನೇ ಆಟದಲ್ಲಿ ಮೇಜಿನ ಈ ಕೊನೆಯಿಂದ ಆ ಕೊನೆಗೆ ಒಂದು ಏಟು ಹೊಡೆದಳು. ಆಟ ಮುಗಿಸುವ ಕಪ್ಪು ಚೆಂಡು ಮೂಲೆಯ ಜೇಬಿಗೆ ಇಳಿಯಿತು. ಬಿಳಿ ಚೆಂಡು ತಾಗಿದ ಜಾಗದಲ್ಲೇ ನಿಂತುಬಿಟ್ಟಿತು. ‘ಟಿಪ್ ಹಿಡೀತು’ ಎಂದರು ಆಂಜಿನಯ್ಯನವರು, ನನಗೊಬ್ಬಳಿಗೇ ಕೇಳುವಂತೆ. ಅಲ್ಲಿಂದ ಮುಂದೆ ನಾನು ಮೂವತ್ತೊಂದು ವರ್ಷ ಕಪ್ಪುಹಲಗೆಯ ಮೇಲೆ ಎಳೆದ ಕೋನಗಳೆಲ್ಲ ಆ ಹಸಿರು ಬಟ್ಟೆಯ ಮೇಲೆ ಓಡಾಡಿದವು. ಐದಕ್ಕೆ ಮೂರರಲ್ಲಿ ಗೆದ್ದಳು. ನಾನು ಎದ್ದುನಿಂತು ಚಪ್ಪಾಳೆ ತಟ್ಟಿದ ಜೋರಿಗೆ ಬಳೆ ಒಡೆಯಿತು.

ಆಮೇಲೆ ಅವಳನ್ನು ಮೇಜಿನ ಬಳಿ ಕೂರಿಸಿ ತಂಡದ ಅರ್ಜಿ ತುಂಬಿಸಿದರು. ಹೆಸರು, ವಯಸ್ಸು, ವಿಳಾಸ. ‘ಕೋಚ್ ಯಾರಮ್ಮ?’ ಎಂದು ಕೇಳಿದರು. ತನುಶ್ರೀ ಹಿಂದೆ ತಿರುಗಿ ಬೆರಳು ತೋರಿಸಿದಳು. ‘ಆಂಜಿನಯ್ಯ ಅಂಕಲ್.’

ಅವರು ಗಾಬರಿಯಾಗಿ ಮುಂದೆ ಬಂದರು. ‘ಇಲ್ಲ ಸಾರ್, ನಾನು ಕೋಚ್ ಅಲ್ಲ. ನಾನು ಬರೀ ಟಿಪ್ ಹಾಕೋನು.’

ಅರ್ಜಿ ಬರೆಯುತ್ತಿದ್ದವರ ಪೆನ್ನು ನಿಂತಿತು. ನನಗೆ ತಡೆಯಲಾಗಲಿಲ್ಲ.

‘ಅದನ್ನೇ ಬರ್ಕೊಳ್ಳಿ’ ಎಂದೆ, ಕ್ಲಾಸಿನಲ್ಲಿ ಕೊನೆಯ ಬೆಂಚಿಗೆ ಕೇಳಿಸುವ ದನಿಯಲ್ಲಿ. ‘ಆಂಜಿನಯ್ಯ, ಟಿಪ್ ಹಾಕೋರು, ಚಾಮರಾಜಪೇಟೆ.’

ಬರೆದುಕೊಂಡರು. ಸರಿಯಾಗಿ ಬರೆದಿದ್ದಾರೆಯೇ ಎಂದು ನಾನು ಬಗ್ಗಿ ನೋಡಿದೆ. ನನಗಿಂತ ಮೊದಲೇ ಆಂಜಿನಯ್ಯನವರು ಕನ್ನಡಕ ಹಾಕಿಕೊಂಡು ಬಗ್ಗಿದ್ದರು.