ಬಾಗಿಲ ಅಡಿಯ ತೂತುಗಳು

ಇವತ್ತು ಆನವಟ್ಟಿಯ ಗ್ಯಾರೇಜಿನಲ್ಲಿ ನನ್ನ ಕಾರಿನ ತುಕ್ಕು ಹಿಡಿದ ಬಾಗಿಲಿಗೆ ಪುಟ್ಟಿ ಮೆತ್ತುತ್ತಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಅಪ್ಪನ ಹಳೆಯ ಬಿಳಿ ಕಾರು ಕಣ್ಣ ಮುಂದೆ ಬಂತು.

ಅಮ್ಮನಿಗೆ ಉಬ್ಬಸ. ನಮ್ಮೂರು ಕುಬಟೂರಿನಿಂದ ಶಿಕಾರಿಪುರದ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಆಗ ವಿಪರೀತ ಧೂಳು. ಬಾಗಿಲ ಅಡಿಯ ಸಣ್ಣ ತೂತುಗಳಿಂದಲೇ ಅದು ಒಳಗೆ ನುಗ್ಗುತ್ತದೆಂದು ಅಪ್ಪ ನಂಬಿದ್ದರು. ಒಂದು ದಿನ ಅಂಗಳದಲ್ಲಿ ಅಂಗಾತ ಮಲಗಿ, ಅಮ್ಮ ಕೂರುವ ಕಡೆಯ ಬಾಗಿಲಿನ ತೂತುಗಳಿಗೆಲ್ಲ ಡಾಂಬರು ಕಾಯಿಸಿ ತುಂಬಿದರು.

"ಇನ್ನು ನಿಮ್ಮಮ್ಮ ಕೆಮ್ಮಲ್ಲ ನೋಡು" ಎಂದರು ನನಗೆ, ಕೈ ಒರೆಸಿಕೊಳ್ಳುತ್ತ.

ಮುಂದಿನ ಸಲ ಅಮ್ಮ ಕೆಮ್ಮಲಿಲ್ಲ. ಬಾಯಿಗೆ ಸೆರಗು ಅದುಮಿಕೊಂಡು ಕೂತಿದ್ದಳು. ಹಿಂದಿನ ಸೀಟಿನಲ್ಲಿದ್ದ ನನಗೆ ಅವಳ ಹೆಗಲು ಕುಲುಕುವುದು ಕಾಣುತ್ತಿತ್ತು. ಅಪ್ಪ ಖುಷಿಯಿಂದ ಕಾರು ಓಡಿಸುತ್ತಿದ್ದರು.

ಅಮ್ಮ ತೀರಿಕೊಂಡ ಮೇಲೆ ಆ ಬಾಗಿಲು ಒಳಗಿಂದಲೇ ತುಕ್ಕು ತಿಂದು, ಒತ್ತಿದರೆ ಹಪ್ಪಳದಂತೆ ಮುರಿಯತೊಡಗಿತು. ಟಿಂಕರಿಂಗಿನವರು ಕೆಟ್ಟ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆದರು. ಪುಟ್ಟಿ ಮೆತ್ತುವ ಮೊದಲು ಅಪ್ಪನನ್ನು ಕೇಳಿದರು:

"ಈ ತೂತು ಯಾಕ್ ಮುಚ್ಚಿದ್ರಿ? ಗ್ಲಾಸಿಂದ ಇಳಿದ ನೀರು ಹೋಗಾಕೆ ಇರೋದ್ರೀ ಅವು. ನೀರು ಒಳಗೇ ನಿಂತು ಹಿಂಗಾಗೇತಿ. ಹೊಸ ತಗಡಿಗೂ ತೂತು ಹಾಕ್ಲಾ?"

ಅಪ್ಪ ಬಗ್ಗಿ, ಕತ್ತರಿಸಿ ಹಾಕಿದ್ದ ತಗಡಿನ ಡಾಂಬರನ್ನು ಉಗುರಿನಿಂದ ಕೆರೆದರು.

"ಹಾಕ್ರಿ. ಧೂಳು ಬಂದ್ರೆ ಕೆಮ್ಮಾಕೆ ಈಗ ಯಾರಿದಾರೆ?"

ಇವತ್ತು ಸಂಜೆ ಆಸ್ಪತ್ರೆಗೆ ಹೋಗುತ್ತಿದ್ದ ಅದೇ ದಾರಿಯಲ್ಲಿ ಮನೆಗೆ ಮರಳಿದೆ. ಈಗ ಒಳ್ಳೆಯ ರಸ್ತೆಯಾಗಿದೆ, ಧೂಳಿಲ್ಲ. ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ. ಆದರೂ ಆ ಕಡೆಯ ಗಾಜು ಏರಿಸಿಕೊಂಡೇ ಬಂದೆ.