ನವಿಲು ಬಣ್ಣದ ಪೆನ್ನು

ನಮ್ಮಪ್ಪ ಪೆನ್ನು ಮಾಡುವವರು. ಬಸವೇಶ್ವರನಗರದ ನಮ್ಮ ಮನೆಯಲ್ಲಿ ಕಾರು ನಿಲ್ಲಬೇಕಾದ ಜಾಗದಲ್ಲಿ ಲೇತ್ ಮೆಶಿನ್ ನಿಂತಿದೆ. ಎಬೊನೈಟ್ ಅಂತ ಗಟ್ಟಿ ರಬ್ಬರಿನ ಕರೀ ರಾಡು ಬರುತ್ತದೆ. ಅದನ್ನು ಲೇತಿಗೆ ಕೊಟ್ಟು ಕಡೆದು, ಒಳಗೆ ಕೊರೆದು, ಇಂಕು ಪೆನ್ನು ಮಾಡುವುದು ಅವರ ಕಸುಬು. ಈಗ ನನ್ನದೂ ಅದೇ. ಕಡೆಯುವಾಗ ಗಂಧಕದ ವಾಸನೆ ಮನೆ ತುಂಬ ಹರಡುತ್ತದೆ. ನೆಂಟರು ಮೂಗು ಮುಚ್ಚಿಕೊಳ್ಳುತ್ತಾರೆ, ನನಗೆ ಮಾತ್ರ ಆ ವಾಸನೆ ಇಲ್ಲದಿದ್ದರೆ ಮನೆಗೆ ಬಂದ ಹಾಗೇ ಅನ್ನಿಸುವುದಿಲ್ಲ.

ಅಪ್ಪನ ಪ್ರಕಾರ ಪೆನ್ನು ಎಂದರೆ ಕಪ್ಪು. ತೀರಾ ಧಾರಾಳವಾದರೆ ಕಂದು ಗೆರೆಯಿರುವ ಕಪ್ಪು. ಆದರೆ ಈಗ ನಮ್ಮಲ್ಲಿ ಪೆನ್ನು ಕೊಳ್ಳುವವರೆಲ್ಲ ಚಿಕ್ಕ ವಯಸ್ಸಿನವರು, ಫೋನಿನಲ್ಲಿ ಫೋಟೋ ಕಳಿಸಿ ಬಣ್ಣ ಕೇಳುತ್ತಾರೆ. ಹೋದ ವರ್ಷ ನಾನು ಹಟ ಹಿಡಿದು ಅಕ್ರಿಲಿಕ್ ರಾಡು ತರಿಸಿದೆ. ಹಾಲಿಗೆ ಕೇಸರಿ ಕದಡಿದಂಥದ್ದು, ನೇರಳೆ ಹಣ್ಣಿನ ಬಣ್ಣದ್ದು, ಬೆಳಕಿಗೆ ಹಿಡಿದರೆ ಒಳಗೊಳಗೇ ಮಿನುಗುವ ನೀಲಿ, ಹಸಿರು. ಅಪ್ಪ ಒಂದೊಂದನ್ನೂ ಸವರಿ, ಮೂಸಿ ನೋಡಿದರು.

"ವಾಸನೇನೇ ಇಲ್ವಲ್ಲೇ ಇದಕ್ಕೆ. ಬಳೆ ಅಂಗಡಿ ಇಡ್ತೀಯಾ?"

ಅಷ್ಟರಲ್ಲಿ ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಅವಳು ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಒಂದು ವಚನ ಬರೆಯುತ್ತಾಳೆ, ಅದೂ ಮದುವೆಯಾದಾಗಿನಿಂದ ಅಪ್ಪ ಮಾಡಿಕೊಟ್ಟ ಕರೀ ಪೆನ್ನುಗಳಲ್ಲೇ.

"ರೀ, ನನಗೊಂದು ನವಿಲು ನೀಲಿ ಪೆನ್ನು ಮಾಡ್ಕೊಡಿ. ನನ್ನ ನಿಶ್ಚಿತಾರ್ಥದ ಸೀರೆ ಇತ್ತಲ್ಲ, ಆ ಬಣ್ಣದ್ದು."

ಅಮ್ಮ ಬಾಯಿಬಿಟ್ಟು ಏನನ್ನಾದರೂ ಕೇಳುವುದೇ ಅಪರೂಪ. ಅಪ್ಪ ಬಳೆ ಅಂಗಡಿಯನ್ನು ಅಲ್ಲೇ ಮರೆತರು. "ಇದನ್ನ ನೀನು ಮುಟ್ಬೇಡ, ನಾನೇ ಮಾಡೋದು" ಎಂದು ನನ್ನನ್ನು ಪಕ್ಕಕ್ಕೆ ಸರಿಸಿದರು.

ನಾನು ಕೊರಿಯರ್ ಕೊಡಲು ವಿಜಯನಗರಕ್ಕೆ ಹೋಗಿ ಬರುವಷ್ಟರಲ್ಲಿ ಪೆನ್ನು ಮುಕ್ಕಾಲು ಆಗಿತ್ತು. ಹಸಿರು! ಬಾಳೆ ಎಲೆಯ ಗಾಢ ಹಸಿರು, ಯಾವ ಲೆಕ್ಕದಲ್ಲೂ ನೀಲಿಯಲ್ಲ. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಅಪ್ಪ ಅದನ್ನು ಬಾಗಿಲ ಬೆಳಕಿಗೆ ಹಿಡಿದು, "ನೋಡು, ಸೀರೆ ಬಣ್ಣಾನೇ" ಎಂದಾಗ ತಮಾಷೆಯಲ್ಲ ಎಂದು ಗೊತ್ತಾಯಿತು.

ಕರೀ ಪೆನ್ನನ್ನು ಅವರು ಬೆರಳಿನಿಂದಲೇ ಮಾಡುತ್ತಿದ್ದರು. ದಪ್ಪ, ನುಣುಪು, ಕ್ಯಾಪು ತಿರುಗಿಸುವ ಥ್ರೆಡ್ಡು ಕೂತಿತೋ ಇಲ್ಲವೋ, ಎಲ್ಲ ಬೆರಳಿಗೇ ಗೊತ್ತು. ಬಣ್ಣ ಮನೆಗೆ ಬರದಿದ್ದರೆ ಅವರ ಕಣ್ಣು ಕೈಕೊಟ್ಟಿದ್ದು ಅವರಿಗೂ ತಿಳಿಯುತ್ತಿರಲಿಲ್ಲ, ನಮಗೂ ತಿಳಿಯುತ್ತಿರಲಿಲ್ಲ. ಆ ಕಣ್ಣಿಟ್ಟುಕೊಂಡು ದಿನಾ ತಿರುಗುವ ಮೆಶಿನ್ನಿನ ಮುಂದೆ, ಚೂಪಾದ ಉಳಿಯ ಪಕ್ಕ ಕೂರುತ್ತಿದ್ದಾರೆ. ನನಗೆ ನಿಜವಾಗಿ ಹೆದರಿಕೆಯಾಯಿತು.

ಪೆನ್ನು ಮುಗಿದಾಗ ಅಮ್ಮ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, "ಎಷ್ಟು ಚೆನ್ನಾಗಿದೆ ರೀ" ಎಂದಳು. ನಾನು ಅವಳ ಹಿಂದೆಯೇ ಅಡುಗೆಮನೆಗೆ ಹೋದೆ.

"ಅಮ್ಮಾ, ಅದು ಹಸಿರು."

"ನನಗೇನು ಕಣ್ಣಿಲ್ವೇನೇ? ಮೆಲ್ಲಗೆ ಮಾತಾಡು. ಬಣ್ಣ ತಪ್ಪಿದೆ ಅಂತ ಗೊತ್ತಾದ್ರೆ ನಾಳೆಯಿಂದ ಮೆಶಿನ್ ಮುಟ್ಟಲ್ಲ ಅವರು. ಮೂಲೇಲಿ ಕೂತುಬಿಡ್ತಾರೆ."

"ಬೆರಳು ಹೋದ್ರೆ?" ಎಂದು ರೇಗಿದೆ.

ಅಮ್ಮ ಸಾರು ತಿರುಗಿಸಿದಳು. "ನವಿಲಲ್ಲಿ ಹಸಿರೂ ಇರುತ್ತೆ ಬಿಡು. ಕಣ್ಣಿನ ವಿಷಯ ನಾನು ನೋಡ್ಕೋತೀನಿ."

ಡಾಕ್ಟರ ಹೆಸರೆತ್ತಿದರೆ ಅಪ್ಪ ಮಾರು ದೂರ ಓಡುವವರು. ಇವಳೇನು ನೋಡಿಕೊಳ್ಳುತ್ತಾಳೆ ಅಂದುಕೊಂಡೆ. ಮರುದಿನ ವಚನ ಬರೆಯುತ್ತಿದ್ದವಳು ಪೆನ್ನು ಕೆಳಗಿಟ್ಟು, ಕಣ್ಣುಜ್ಜಿಕೊಂಡು, "ರೀ, ಅಕ್ಷರ ಎಲ್ಲ ಮಂಜುಮಂಜು. ಆಸ್ಪತ್ರೆಗೆ ಒಬ್ಬಳೇ ಹೋಗಕ್ಕೆ ಭಯ" ಎಂದಳು. ಅಪ್ಪ ಆ ಕ್ಷಣವೇ ಲೇತ್ ಆಫ್ ಮಾಡಿ ಆಟೋ ಕರೆದರು.

ರಾಜಾಜಿನಗರದ ಕಣ್ಣಾಸ್ಪತ್ರೆಯಲ್ಲಿ ಅಮ್ಮ ಬೋರ್ಡಿನ ಅಕ್ಷರಗಳ ಮುಂದೆ ತಡವರಿಸಿದ ಚೆಂದ ನೋಡಬೇಕಿತ್ತು. ಆಮೇಲೆ ಡಾಕ್ಟರಿಗೆ, "ಇವರದ್ದೂ ಒಂಚೂರು ನೋಡಿಬಿಡಿ ಸಾರ್, ನನಗೆ ಧೈರ್ಯ ಬರುತ್ತೆ" ಎಂದಳು. ಅವಳ ಧೈರ್ಯಕ್ಕಾಗಿ ಅಪ್ಪ ಕುರ್ಚಿ ಹತ್ತಿದರು. ಎರಡೂ ಕಣ್ಣಲ್ಲಿ ಪೊರೆ ಬಲಿತಿತ್ತು.

ಒಂದಾದ ಮೇಲೊಂದು ಎರಡೂ ಆಪರೇಶನ್ ಮುಗಿದವು. ಕಡೆಯ ಪಟ್ಟಿ ತೆಗೆದಾಗ ಅಪ್ಪ ಎದುರಿಗಿದ್ದ ಅಮ್ಮನನ್ನೇ ನೋಡಿದರು. "ಕೂದಲು ಇಷ್ಟೊಂದು ಬೆಳ್ಳಗಾಗಿದೆಯಲ್ಲೇ ನಿಂದು!"

"ಆಪರೇಶನ್ ಮಾಡಿಸಿದ್ದೇ ತಪ್ಪಾಯ್ತು" ಎಂದಳು ಅಮ್ಮ.

ಅಷ್ಟರಲ್ಲಾಗಲೇ ಅವಳು ಹಸಿರು ಪೆನ್ನನ್ನು ರಾಗಿ ಹಿಟ್ಟಿನ ಡಬ್ಬದ ಹಿಂದೆ ಬಚ್ಚಿಟ್ಟು, ಹಳೆಯ ಕರೀ ಪೆನ್ನಿಗೆ ಮರಳಿದ್ದಳು. ಅಪ್ಪ ಒಂದು ದಿನ ಆ ಪೆನ್ನೆಲ್ಲಿ ಎಂದು ಕೇಳಿದರು. ಇಂಕು ಒಣಗಿದೆ ಎಂದಳು. ಪೆನ್ನು ಮಾಡುವವರಿಗೆ ಈ ನೆಪ ಹೇಳಬಾರದಿತ್ತು. "ತಾ, ತೊಳೆದುಕೊಡ್ತೀನಿ" ಎಂದು ಅಲ್ಲೇ ನಿಂತರು. ತರಲೇಬೇಕಾಯಿತು.

ಅಪ್ಪ ಪೆನ್ನು ನೋಡಿದರು. ಶೆಲ್ಫಿನಲ್ಲಿ ಹಾಗೇ ಬಿದ್ದಿದ್ದ ನೀಲಿ ರಾಡನ್ನು ನೋಡಿದರು.

"ನಿಮ್ಮಿಬ್ಬರಿಗೂ ಗೊತ್ತಿತ್ತು."

ನಾನು ಅಮ್ಮನ ಕಡೆ ನೋಡಿದೆ. ಅವಳು, "ನವಿಲಲ್ಲಿ ಹಸಿರೂ ಇರುತ್ತಲ್ಲ ರೀ" ಎಂದಳು.

ಅಪ್ಪ ಪೆನ್ನು ತೆಗೆದುಕೊಂಡು ಹೊರಗೆ ಹೋದರು. ಎಲ್ಲಿ ಮುರಿದು ಹಾಕುತ್ತಾರೋ, ಎಲ್ಲಿ ಮೂಲೆಯಲ್ಲಿ ಕೂತುಬಿಡುತ್ತಾರೋ ಅಂತ ಜೀವ ಕೈಯಲ್ಲಿ ಹಿಡಿದುಕೊಂಡು ಕಾದೆವು. ಲೇತ್ ಶುರುವಾದ ಸದ್ದು ಕೇಳಿದಾಗ ಅಮ್ಮನ ಕಣ್ಣಲ್ಲಿ ನೀರು ಬಂತು, ನನಗೂ ಬಂತು.

ಸಂಜೆಗೆ ಅಪ್ಪ ಅದೇ ಪೆನ್ನನ್ನು ತಂದು ಅವಳ ಮುಂದಿಟ್ಟರು. ಹಸಿರು ಮೈಗೆ ಹೊಸ ನೀಲಿ ಕ್ಯಾಪು. ಅಮ್ಮ ತಿರುಗಿಸಿ ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಮರುದಿನದ ವಚನವನ್ನು ಅವತ್ತೇ ಬರೆಯಲು ಕೂತಳು.

ಅಪ್ಪ ಪಕ್ಕದಲ್ಲೇ ಕೂತು ಸ್ವಲ್ಪ ಹೊತ್ತು ನೋಡಿದರು. "ಅಲ್ವೇ, ನಿನ್ನ ಕಣ್ಣಿನ ಮಂಜು ಏನಾಯ್ತು?"

ಅಮ್ಮ ತಲೆ ಎತ್ತದೆ ಬರೆಯುತ್ತಲೇ ಹೇಳಿದಳು.

"ನಿಮ್ಮದು ಹೋಯ್ತಲ್ಲ, ನಂದೂ ಹೋಯ್ತು."