ಬಳೆ ಹಿಡಿಯುವ ಗವಸು

ನಮ್ಮ ತಂದೆ ರಾಜಾನುಕುಂಟೆ ಕಡೆಯ ಸಣ್ಣ ರೈಲು ನಿಲ್ದಾಣವೊಂದರಲ್ಲಿ ಪಾಯಿಂಟ್ಸ್‌ಮನ್ ಆಗಿದ್ದರು. ಆಗ ಅಲ್ಲಿ ಇದ್ದದ್ದು ಒಂಟಿ ಹಳಿ. ನಿಲ್ಲದೆ ಹೋಗುವ ಗಾಡಿಯ ಎಂಜಿನ್ನಿನವರು ಬೆತ್ತದ ದೊಡ್ಡ ಬಳೆಯೊಂದನ್ನು ಹೊರಗೆ ಚಾಚುತ್ತಿದ್ದರು. ಅದಕ್ಕೆ ಕಟ್ಟಿದ ಚೀಲದಲ್ಲಿ ಹಿಂದಿನ ನಿಲ್ದಾಣದವರು ಕೊಟ್ಟ ಟೋಕನ್ ಇರುತ್ತಿತ್ತು. ಟೋಕನ್ ಇಲ್ಲದೆ ಯಾವ ಗಾಡಿಯೂ ಮುಂದಿನ ನಿಲ್ದಾಣದವರೆಗಿನ ಹಳಿಗೆ ಹೋಗುವಂತಿರಲಿಲ್ಲ. ತಂದೆ ಬಲಗೈಯಿಂದ ಮುಂದಿನ ಟೋಕನ್ನಿನ ಬಳೆಯನ್ನು ಮೇಲಕ್ಕೆ ಕೊಡಬೇಕು, ಎಡಗೈಯಿಂದ ಇದನ್ನು ಹಿಡಿಯಬೇಕು.

ಒಂದು ಸಲ ಬಳೆ ಬಡಿದು ಅವರ ಎಡ ಅಂಗೈಯ ಮೂಳೆ ಮುರಿಯಿತು. ಯಾರಿಗೂ ಹೇಳಲಿಲ್ಲ. ರೈಲ್ವೆ ಡಾಕ್ಟರು ನೋಡಿದರೆ ಕೆಲಸಕ್ಕೆ ಆಗದವನು ಎಂದು ಬರೆಯುತ್ತಾರೆ, ಕೆಲಸ ಹೋದರೆ ಕ್ವಾರ್ಟರ್ಸ್ ಬಿಡಬೇಕು. ನಮಗೆ ಬೇರೆ ಮನೆ ಇರಲಿಲ್ಲ. ಮೂಳೆ ಸೊಟ್ಟಗೆ ಕೂಡಿಕೊಂಡಿತು.

ಯಶವಂತಪುರದ ಹಳೇ ಸಾಮಾನಿನ ಅಂಗಡಿಯಿಂದ ಅವರು ಒಂದು ಚರ್ಮದ ಗವಸು ತಂದರು. ಯುದ್ಧದ ಕಾಲದ ಸಿಪಾಯಿಗಳು ಬಿಟ್ಟುಹೋದದ್ದಂತೆ. ಬೇಸ್‌ಬಾಲ್ ಎಂಬ ಆಟದ್ದೆಂದು ಸ್ಟೇಷನ್ ಮಾಸ್ತರರು ಹೇಳಿದರು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಚರ್ಮದ ಬಾರುಗಳ ಬಲೆಯಿತ್ತು. ಬಳೆ ಅದರೊಳಗೇ ಬಂದು ಬೀಳುತ್ತಿತ್ತು.

"ಏನ್ ಗುರು, ಕರಡಿ ಕೈ ಕಿತ್ಕೊಂಡ್ ಬಂದಿದ್ದೀಯ?" ಎಂದು ರೈಲ್ವೆ ಗೇಟು ಕಾಯುವವನು ನಗುತ್ತಿದ್ದ.

"ನಿನ್ ಮುಖಕ್ಕೊಂದ್ ಬಿಟ್ರೆ ಗೊತ್ತಾಗ್ತದೆ," ಎನ್ನುತ್ತಿದ್ದರು ತಂದೆ. ಅವರೂ ನಗುತ್ತಿದ್ದರು.

ಒಂದು ಸಂಜೆ ಬಲೆಯ ಬಾರು ಹರಿಯಿತು. ಅಮ್ಮ ಅಮೃತಹಳ್ಳಿಯ ಬೇಸಾಯಗಾರರ ಮಗಳು. ಎತ್ತು ಕಟ್ಟಿ ಬಾವಿಯಿಂದ ನೀರೆಳೆಯುವ ಕಪಿಲೆಯ ಚರ್ಮದ ಚೀಲವನ್ನು ತವರಿನಲ್ಲಿ ಎಷ್ಟೋ ಸಲ ಹೊಲಿದವಳು. ಹದ ಮಾಡದ ತೊಗಲಿನ ಬಾರು ತರಿಸಿ ನೀರಿನಲ್ಲಿ ನೆನೆಹಾಕಿದಳು. ಗವಸನ್ನು ನಾನು ಮೊಣಕಾಲಿನ ನಡುವೆ ಹಿಡಿದುಕೊಂಡೆ. ಅವಳು ದಬ್ಬಳದಿಂದ ತೂತು ಹಿಗ್ಗಿಸಿ, ಬಾರು ತೂರಿಸಿ, ಹಲ್ಲಿನಿಂದ ಕಚ್ಚಿ ಎಳೆದಳು.

"ಅಷ್ಟೊಂದ್ ಬಿಗೀಬೇಡ ಕಣೇ," ಎಂದರು ತಂದೆ.

"ಅಸಿ ಇದ್ದಾಗ್ಲೇ ಬಿಗೀಬೇಕು. ಒಣಗಿದ್ಮೇಲೆ ತಾನೇ ಕಚ್ಕೊತದೆ. ನಮ್ಮಪ್ಪ ಇಂಗೇ ಮಾಡ್ತಿದ್ದಿದ್ದು."

ಕಪಿಲೆಯ ಚೀಲ ದಿನವಿಡೀ ನೀರಿನಲ್ಲಿರುತ್ತದೆ. ಗವಸು ಬಿಸಿಲಿನಲ್ಲಿರುತ್ತದೆ. ಅದು ನಮಗೆ ಯಾರಿಗೂ ಹೊಳೆಯಲಿಲ್ಲ.

ಮರುದಿನ ಮಧ್ಯಾಹ್ನ ಮೇಲ್ ಗಾಡಿಯ ಗಂಟೆಯಾದಾಗ ತಂದೆ ಒಗೆಯುವ ಕಲ್ಲಿನ ಮೇಲೆ ಒಣಗಿದ್ದ ಗವಸನ್ನು ಎತ್ತಿಕೊಂಡರು. ಬಾರುಗಳು ಮುರುಟಿಕೊಂಡು ಮೂಳೆಯಂತಾಗಿದ್ದವು. ಬೆರಳುಗಳೆಲ್ಲ ಒಳಕ್ಕೆ ಸೆಳೆದುಕೊಂಡಿದ್ದವು. ಕೈ ತೂರಲಿಲ್ಲ. ಅಮ್ಮ ಬಿಂದಿಗೆಯ ನೀರನ್ನೆಲ್ಲ ಅದರ ಮೇಲೆ ಸುರಿದಳು. ಹಲ್ಲಿನಿಂದ ಗಂಟು ಬಿಚ್ಚಲು ನೋಡಿದಳು. ಅವಳ ಒಸಡಿನಿಂದ ರಕ್ತ ಬಂತು.

"ಬಿಡು," ಎಂದರು ತಂದೆ. "ಸಿಗ್ನಲ್ ಬಿತ್ತು."

ಬರಿಗೈಯಲ್ಲಿ ಹೋದರು. ನಾವಿಬ್ಬರೂ ಹಿಂದೆಯೇ ಓಡಿದೆವು. ಎಂಜಿನ್ ಹಾದುಹೋದಾಗ ಅವರ ಮೈ ಅರ್ಧ ಸುತ್ತು ತಿರುಗಿತು. ಬಳೆ ಕೆಳಗೆ ಬೀಳಲಿಲ್ಲ. ಗಾರ್ಡಿನ ಡಬ್ಬಿ ದಾಟುವವರೆಗೂ ಅವರು ನೆಟ್ಟಗೆ ನಿಂತಿದ್ದರು. ಆಮೇಲೂ ಹಾಗೆಯೇ ನಿಂತಿದ್ದರು.

"ಟೋಕನ್ ತಾರಯ್ಯಾ! ಹಿಂದಿನ ಸ್ಟೇಷನ್ನವ್ರು ಕಾಯ್ತಿದಾರೆ," ಎಂದು ಮಾಸ್ತರರು ಒಳಗಿನಿಂದ ಕೂಗಿದರು.

ತಂದೆಗೆ ಕೈ ಬಿಚ್ಚಲಾಗಲಿಲ್ಲ. ಅಮ್ಮ ಒಂದೊಂದೇ ಬೆರಳನ್ನು ಬಿಡಿಸತೊಡಗಿದಳು. ತಂದೆಯ ತುಟಿ ಬೆಳ್ಳಗಾಗಿತ್ತು. ಮಾಸ್ತರರು ಹೊರಗೆ ಬಂದು ಬಳೆ ತೆಗೆದುಕೊಂಡರು. ಆಗ ಸೊಟ್ಟಗೆ ಕೂಡಿಕೊಂಡಿದ್ದ ಆ ಅಂಗೈಯನ್ನು ನೋಡಿದರು.

"ಇದು ಇವತ್ತಿಂದಲ್ಲ," ಎಂದರು ಮೆಲ್ಲಗೆ. "ನಾಳೆ ಬೆಳಿಗ್ಗೆ ಗಾಡೀಲಿ ಡಾಕ್ಟರ ಹತ್ರ ಹೋಗ್ಬೇಕು ನೀನು. ನಾನೀಗ ನೋಡ್ಲಿಲ್ಲ ಅನ್ನೋಕಾಗಲ್ಲಪ್ಪ."

"ಸ್ವಾಮಿ, ಒಂದ್ ವಾರ..." ಎಂದಳು ಅಮ್ಮ.

ಮಾಸ್ತರರು ಬಳೆ ಹಿಡಿದು ಒಳಗೆ ಹೋದರು. ಟೋಕನ್ ಯಂತ್ರದ ಗಂಟೆ ಕೇಳಿಸಿತು.

ನಾವು ಮನೆಗೆ ಬಂದಾಗ ನೀರು ಕುಡಿದ ಬಾರುಗಳು ಸಡಿಲಗೊಂಡಿದ್ದವು. ಗವಸು ಬಾಯಿ ತೆರೆದುಕೊಂಡು ಕಲ್ಲಿನ ಮೇಲೆ ಬಿದ್ದಿತ್ತು. ಅಮ್ಮ ಅದರೊಳಗೆ ತನ್ನ ಕೈ ತೂರಿಸಿ ನೋಡಿದಳು. ಸಲೀಸಾಗಿ ಹೋಯಿತು.